ಕಿವಿಗುರುತಿಗೆ ಮುಂಚಿನ ಹನ್ನೆರಡು ದಿನ

ಕಡೂರಿನ ರೈಲು ಗೇಟಿನ ಆಚೆ, ಹಂದಿ ಸಾಕುವವರ ಕೇರಿಯ ತುದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಬಿಟ್ಟಿಲ್ಲ. ಪುಷ್ಯ ಮಾಸದ ಚಳಿ. ಮುದ್ದಪ್ಪ ಸೈಕಲ್ಲನ್ನು ಜಾಲಿ ಬೇಲಿಗೆ ಒರಗಿಸುತ್ತಾರೆ, ಚಪ್ಪಲಿ ಬಿಡುತ್ತಾರೆ, ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟುತ್ತಾರೆ. ಹ್ಯಾಂಡಲ್ಲಿಗೆ ತೂಗುಹಾಕಿದ ತಗಡಿನ ಡಬ್ಬಿಯಿಂದ ಫಿನೈಲ್ ಬೆರೆಸಿದ ನೀರನ್ನು ಪಾದದ ಮೇಲೆ ಸುರಿದುಕೊಂಡು, ಬೆರಳ ಸಂದುಗಳನ್ನು ತೆಂಗಿನ ನಾರಿನಿಂದ ಒಂದೊಂದಾಗಿ ಉಜ್ಜುತ್ತಾರೆ. ನೀರು ಎಷ್ಟು ತಣ್ಣಗಿದೆ ಎಂದರೆ ನೋಡುತ್ತ ನಿಂತವರ ಹಲ್ಲು ಕಟಕಟ ಎನ್ನುತ್ತದೆ. ಅವರಿಗೆ ಮಾತ್ರ ಅವಸರವಿಲ್ಲ.

"ಸಾಕು ಬಾರೋ, ಮದುಮಗ ಕಾಲು ತೊಳ್ಕೊಂಡಂಗೆ ತೊಳ್ಕೊತೀಯ!" ಗೂಡಿನ ಒಳಗಿನಿಂದ ಒಂದು ಹೆಂಗಸಿನ ದನಿ ಕೂಗುತ್ತದೆ.

"ಸುಮ್ನಿರು ದುರ್ಗಕ್ಕ, ಇನ್ನೊಂದು ಕಾಲು ಐತೆ."

ದನಿ ದುರ್ಗಮ್ಮನವರದು. ಅರವತ್ತು ದಾಟಿದ ಈಕೆ ನಲವತ್ತು ವರ್ಷದಿಂದ ಹಂದಿ ಸಾಕುತ್ತಿದ್ದಾರೆ. ಒಳಗೆ ಹುಲ್ಲಿನ ಮೇಲೆ ಕೆಂಚಿ ಎಂಬ ತಾಯಿಹಂದಿ ಅಡ್ಡ ಬಿದ್ದುಕೊಂಡು ಮರಿಗಳಿಗೆ ಹಾಲೂಡಿಸುತ್ತಿದೆ. ಮುದ್ದಪ್ಪ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೊಟ್ಟೆಯ ಮೊಲೆಸಾಲಿನುದ್ದಕ್ಕೂ ಕಣ್ಣು ಹಾಯಿಸುತ್ತಾರೆ. ಮರಿ ಎಷ್ಟಿವೆ ಎಂದು, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಜೊತೆಗೆ ಬಂದ ನಾನು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. "ಕಿವಿ ಗುರುತು ಬೀಳೋವರ್ಗೂ ಮರಿ ಎಣಿಸಂಗಿಲ್ಲ ಸ್ವಾಮಿ. ನಾನು ಮೊಲೆ ಎಣಿಸ್ತೀನಿ."

ಇವತ್ತು ಹನ್ನೆರಡನೆಯ ದಿನ. ಬಿಸಿಲು ಬಂದ ಮೇಲೆ ದುರ್ಗಮ್ಮ ಮರಿಗಳ ಎಡಗಿವಿಗೆ ತಮ್ಮ ಮನೆಯ ಗುರುತಾಗಿ ಎರಡು ಸಣ್ಣ ಕಚ್ಚು ಹಾಕುತ್ತಾರೆ. ಈ ದಿನಕ್ಕೆ ಮುದ್ದಪ್ಪ ಒಂದು ವರ್ಷದಿಂದ ಕಾದಿದ್ದಾರೆ. ಯಾಕೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮುದ್ದಪ್ಪ ಈ ಕಡೆಯ ಒಂದು ದನದ ಆಸ್ಪತ್ರೆಯಲ್ಲಿ ಡ್ರೆಸ್ಸರ್. ದನಕರುಗಳ ಗಾಯ ತೊಳೆದು ಮದ್ದು ಹಚ್ಚುವುದು, ಗುಳಿಗೆ ಅರೆಯುವುದು, ಸೂಜಿ ಕುದಿಸುವುದು ಅವರ ಕೆಲಸ. ಊರು ಸಿಂಗಟಗೆರೆ. ಕುರಿ ಕಾಯುವ ಮನೆತನ, ಓದು ನಾಲ್ಕನೆಯ ಕ್ಲಾಸಿನವರೆಗೆ. ಐವತ್ತೊಂದನೆಯ ಇಸವಿಯಲ್ಲಿ ಕೆಲಸಕ್ಕೆ ಸೇರಿದವರು ದನಗಳ ದೊಡ್ಡರೋಗಕ್ಕೆ ಚುಚ್ಚುಮದ್ದು ಹಾಕುವ ತಂಡದ ಜೊತೆ ಹತ್ತು ವರ್ಷ ಹಳ್ಳಿ ಹಳ್ಳಿ ತಿರುಗಿದ್ದಾರೆ. ಅಜ್ಜಂಪುರದ ಅಮೃತಮಹಲ್ ದನಗಳನ್ನು ನೋಡಲು ದೂರದೂರಿಂದ ಜನ ಬರುವ ಸೀಮೆ ಇದು. ಇಲ್ಲಿ ಹಂದಿಯನ್ನು ತಿರುಗಿ ನೋಡುವವರು ಯಾರೂ ಇರಲಿಲ್ಲ. ಮುದ್ದಪ್ಪ ಕೂಡ ನೋಡಿದವರಲ್ಲ. ಅದನ್ನು ಅವರೇ ಒಪ್ಪಿಕೊಳ್ಳುತ್ತಾರೆ. "ಹಂದಿ ಎದ್ರಿಗೆ ಬಂದ್ರೆ ಸೈಕಲ್ ತಿರುಗಿಸ್ಕೊಂಡು ಹೋಗ್ತಿದ್ದೆ."

ಅರವತ್ತಮೂರರ ಚಳಿಗಾಲದಲ್ಲಿ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರ್ ಈರಭದ್ರಪ್ಪನವರ ಬಳಿಗೆ ಚೌಳಹಿರಿಯೂರಿನ ಕರಿಯಮ್ಮ ಎಂಬಾಕೆ ಒಂದು ಬುಟ್ಟಿ ಹೊತ್ತು ತಂದರು. ಬುಟ್ಟಿಯಲ್ಲಿ ಮೂರು ಹಂದಿಮರಿ. ಎರಡು ಆಗಲೇ ಸತ್ತಿದ್ದವು. ಮೂರನೆಯದು ಮೊಸರಿನಂತೆ ಒಡೆದ ಹಾಲನ್ನು ಕಕ್ಕುತ್ತ, ಹಳದಿ ನೀರಿನಂತೆ ಭೇದಿ ಮಾಡುತ್ತ ಮಧ್ಯಾಹ್ನದ ಹೊತ್ತಿಗೆ ತಣ್ಣಗಾಯಿತು. ಡಾಕ್ಟರು ಮರುದಿನವೇ ಚೌಳಹಿರಿಯೂರಿಗೆ ಹೋಗಿ ಉಳಿದ ಮರಿಗಳಿಗೆ ಸಲ್ಫಾ ಮಾತ್ರೆ ಕೊಟ್ಟು ನೋಡಿದರು. ಏನೂ ಪ್ರಯೋಜನವಾಗಲಿಲ್ಲ.

"ಗೂಡಿನಲ್ಲಿ ಒಂದಕ್ಕೆ ಬಂದರೆ ಮೂರು ದಿನದಲ್ಲಿ ಎಲ್ಲಕ್ಕೂ ಬರುತ್ತೆ. ದೊಡ್ಡ ಹಂದಿ ಎರಡು ದಿನ ಮೇವು ಬಿಟ್ಟು ಎದ್ದುಬಿಡುತ್ತೆ. ಹತ್ತು ದಿನದೊಳಗಿನ ಮರಿ ಉಳಿಯೋದಿಲ್ಲ. ಇದು ವೈರಸ್ ಇರಬೇಕು ಅಂತ ನನ್ನ ಅನುಮಾನ," ಎನ್ನುತ್ತಾರೆ ಡಾಕ್ಟರು. "ಖಚಿತವಾಗಿ ಹೇಳೋಕೆ ಬೇಕಾದ ಪರೀಕ್ಷೆ ನಮ್ಮಲ್ಲಿಲ್ಲ. ನೀವೂ ಅನುಮಾನ ಅಂತಲೇ ಬರೀರಿ. ಆದರೆ ಎಷ್ಟು ಗೂಡಿನಲ್ಲಿದೆ ಅಂತ ಗೊತ್ತಾಗದೆ ಮೇಲಿನವರಿಗೆ ಏನಂತ ಕಾಗದ ಬರೆಯಲಿ? ಅನುಮಾನಕ್ಕೆ ಯಾರೂ ಕುರ್ಚಿ ಬಿಟ್ಟು ಏಳೋದಿಲ್ಲ."

ಎಣಿಸುವ ಕೆಲಸ ಮುದ್ದಪ್ಪನವರ ಪಾಲಿಗೆ ಬಂತು. ಕಡೂರಿನಲ್ಲಿ ಹದಿನೇಳು ಗೂಡು, ತರೀಕೆರೆಯಲ್ಲಿ ಹದಿನಾರು, ಅಜ್ಜಂಪುರದಲ್ಲಿ ಹನ್ನೊಂದು, ಪಂಚನಹಳ್ಳಿ, ಚೌಳಹಿರಿಯೂರು, ಸಿಂಗಟಗೆರೆ ಸೇರಿ ಹದಿನಾಲ್ಕು. ಒಟ್ಟು ಐವತ್ತೆಂಟು. ಆಸ್ಪತ್ರೆಯ ಬಾಗಿಲು ಎಂಟಕ್ಕೆ ತೆರೆಯುತ್ತದೆ. ಅದಕ್ಕೆ ಮುಂಚೆ ಹತ್ತಿರದ ಗೂಡುಗಳು, ಭಾನುವಾರ ರೈಲು ಹತ್ತಿ ತರೀಕೆರೆ, ಇಲ್ಲವೇ ಅಜ್ಜಂಪುರ. ಎಂಟರ ನಂತರ ಎಂದಿನ ಗಾಯ, ಗುಳಿಗೆ, ಸೂಜಿ.

ಮನೆಯಲ್ಲಿ ಹೆಂಡತಿ ಹಾಲಮ್ಮ ಹಿತ್ತಿಲ ಬಾಗಿಲಲ್ಲಿ ಬಿಸಿನೀರಿಟ್ಟು ಕಾಯುತ್ತಿದ್ದರಂತೆ. ಪ್ರೀತಿಗಲ್ಲ, ಸ್ನಾನ ಆಗದೆ ಒಳಗೆ ಬರಬಾರದೆಂದು. "ನಮ್ಮಪ್ಪ ಕುರಿ ಕಾಯೋ ಮನೆಗೆ ಅಂತ ಕೊಟ್ಟಿದ್ದು. ನೋಡುದ್ರೆ ಹಂದಿ ಎಣಿಸೋ ಮನೆ ಆಗೋಯ್ತು ಕಣ್ರೀ," ಎಂದು ನನ್ನೆದುರೇ ಗಂಡನನ್ನು ಚುಚ್ಚುತ್ತಾರೆ. ಬಿಸಿನೀರು ಮಾತ್ರ ಮೂರು ವರ್ಷದಿಂದ ಒಂದು ದಿನವೂ ತಪ್ಪಿಲ್ಲ.

ಮೊದಲ ಚಳಿಗಾಲದ ಕೊನೆಗೆ ಮುದ್ದಪ್ಪ ಡಾಕ್ಟರಿಗೆ ಪುಸ್ತಕ ಒಪ್ಪಿಸಿದರು. ಗೂಡಿನ ಮುಂದೆ 'ಹೌದು' ಅಥವಾ 'ಇಲ್ಲ' ಎಂದು ಬರೆಯುವ ಪುಸ್ತಕ. ಮೂರು 'ಹೌದು', ಐವತ್ತೈದು 'ಇಲ್ಲ'. ಡಾಕ್ಟರಿಗೆ ಸಮಾಧಾನವಾಯಿತು. ಚೌಳಹಿರಿಯೂರಿನದು ಎಲ್ಲೋ ಅಪರೂಪದ ರೋಗ ಎಂದುಕೊಂಡು ಕಾಗದ ಬರೆಯುವುದನ್ನು ಕೈಬಿಟ್ಟರು.

ತಪ್ಪು ಹೊರಬಿದ್ದದ್ದು ಮುಂದಿನ ದೀಪಾವಳಿ ಕಳೆದ ಮೇಲೆ. ದುರ್ಗಮ್ಮನ ಗೂಡಿನ ಮುಂದೆ ನಿಂತು ಮುದ್ದಪ್ಪ ಎಂದಿನಂತೆ ಕೇಳಿದರು, ಈ ಸೂಲಿನಲ್ಲಿ ಎಷ್ಟು ಮರಿ ಸತ್ತವು ಎಂದು. ಯಾವುದೂ ಸತ್ತಿಲ್ಲ ಎಂದರು ದುರ್ಗಮ್ಮ. ಅವರ ಹಿಂದೆ ಒಂದು ಹಂದಿ ಒಂದೂ ಮರಿಯಿಲ್ಲದೆ ಬಾನಿಯ ಕಲಗಚ್ಚು ಕುಡಿಯುತ್ತಿತ್ತು. ಹೊಟ್ಟೆ ನೋಡಿದರೆ ಈದು ವಾರವೂ ಆಗಿರಲಿಕ್ಕಿಲ್ಲ.

"ಮತ್ತೆ ಮರಿ ಎಲ್ಲಿ ದುರ್ಗಕ್ಕ?"

"ಇನ್ನೂ ಕಿವಿ ಗುರುತು ಬಿದ್ದಿರ್ಲಿಲ್ಲ ಕಣಪ್ಪ."

"ಅಂದ್ರೆ?"

"ಗುರುತು ಬೀಳ್ದೆ ಇದ್ದುದ್ದು ನಮ್ದು ಅಂತ ಹೆಂಗೆ ಹೇಳೋದು? ನಮ್ದಲ್ದಿದ್ದು ಸತ್ತೋಯ್ತು ಅಂತ ಹೆಂಗೆ ಅಳೋದು?"

ಮುದ್ದಪ್ಪನವರಿಗೆ ಆಗ ಗೊತ್ತಾಯಿತು. ಐವತ್ತೈದು ಮನೆಯವರೂ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಮರಿ ಹುಟ್ಟುವುದು ಹನ್ನೆರಡನೆಯ ದಿನ, ಕಿವಿಗೆ ಕಚ್ಚು ಬಿದ್ದಾಗ. ಅದಕ್ಕೆ ಮುಂಚೆ ಎಣಿಸುವುದಿಲ್ಲ, ಹೆಸರಿಡುವುದಿಲ್ಲ, ಹೋದರೆ ಬಾಯಿ ಬಿಟ್ಟು ಹೇಳುವುದೂ ಇಲ್ಲ. ಈ ಭೇದಿಯೋ ಹತ್ತು ದಿನದೊಳಗಿನ ಮರಿಗಳನ್ನೇ ಆರಿಸಿಕೊಂಡು ಹೋಗುವ ರೋಗ. ಕೇಳಿದ ಪ್ರಶ್ನೆಗೂ ಸಿಕ್ಕ ಉತ್ತರಕ್ಕೂ ನಡುವೆ ಹನ್ನೆರಡು ದಿನದ ಕಂದಕವಿತ್ತು. ಸತ್ತ ಮರಿಗಳೆಲ್ಲ ಅದರೊಳಗೆ ಬಿದ್ದಿದ್ದವು.

ಕೇಳಿದರೆ ಯಾರೂ ಹೇಳುವುದಿಲ್ಲ. ಹೇಳಿ ಎಂದು ಒತ್ತಾಯಿಸಿದರೆ ಕೆಡುಕು ಬಯಸಿದ ಹಾಗೆ. ಮತ್ತೆ ತಿಳಿಯುವುದು ಹೇಗೆ? ದಾರಿ ತೋರಿಸಿದ್ದೂ ದುರ್ಗಮ್ಮನೇ. ಆ ಹಂದಿಯನ್ನು ಮಲಗಿಸಿ, ಹೊಟ್ಟೆ ತೋರಿಸಿ, ಬೆರಳಿಟ್ಟು ಹೇಳಿದರಂತೆ. ಆ ಮಾತನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡಿದ್ದೇನೆ.

"ಒಂದೊಂದು ಮರಿಗೆ ಒಂದೊಂದು ಮೊಲೆ. ಎರಡು ದಿನದಾಗೆ ಹಂಚ್ಕೊಂಬಿಡ್ತವೆ, ಒಂದ್ರದ್ದಕ್ಕೆ ಇನ್ನೊಂದು ಬಾಯಿ ಹಾಕಲ್ಲ. ಮೊದ್ಲಿಂದ ಯಾರೂ ಬಾಯಿ ಹಾಕ್ದೆ ಇದ್ದ ಮೊಲೆ ಬಿಗಿಯಾಗಿ ಒಣಗ್ತೈತೆ. ಕುಡೀತಾ ಕುಡೀತಾ ಮರಿ ಹೋಯ್ತು ಅಂದ್ರೆ ಆ ಮೊಲೆ ಸೋತಿರ್ತೈತೆ, ಜೋಲು ಬಿದ್ದಿರ್ತೈತೆ. ಬಾಯಲ್ಲಿ ನಾವ್ಯಾಕಪ್ಪ ಹೇಳ್ಬೇಕು, ಅದೇ ಹೇಳ್ತೈತಲ್ಲ."

ಅವತ್ತಿನಿಂದ ಮುದ್ದಪ್ಪ ಪ್ರಶ್ನೆ ಕೇಳುವುದನ್ನು ಬಿಟ್ಟರು. ಹಂದಿಗಳನ್ನು ಮೇಯಲು ಬಿಡುವ ಮೊದಲು, ಹಾಲೂಡಿಸುವ ಹೊತ್ತಿನಲ್ಲಿ, ಅಂದರೆ ನಸುಕಿನಲ್ಲೇ ಗೂಡು ಸೇರತೊಡಗಿದರು. ಸೋತ ಮೊಲೆ ಎಣಿಸಿದರು, ಹುಲ್ಲಿನ ಮೇಲಿನ ಹಳದಿ ನೀರು ನೋಡಿದರು, ಬರೆದುಕೊಂಡರು. ಕೇರಿಯ ಹೆಂಗಸರಿಗೆ ನಗು ತಡೆಯಲಾಗಲಿಲ್ಲ. ತರೀಕೆರೆಯ ಕಲ್ಲಮ್ಮ ದೂರದಿಂದಲೇ ಕೂಗಿ ಹೇಳುತ್ತಿದ್ದರಂತೆ: "ಲೇ ಅಂಜಿನಮ್ಮ, ಸೂಲಗಿತ್ತಿ ಬಂದ ಕಣೇ, ಬಾಗ್ಲು ತೆಗಿ!"

"ಬೈದಿದ್ರೂ ಸಹಿಸ್ಕೊಂತಿದ್ದೆ ಸ್ವಾಮಿ. ನಗ್ತಿದ್ರು. ಆದ್ರೆ ನಕ್ಕೋರೆಲ್ಲ ಬಾಗ್ಲು ತೆಗೆದ್ರು," ಎನ್ನುತ್ತಾರೆ ಮುದ್ದಪ್ಪ.

ಎರಡನೆಯ ಚಳಿಗಾಲದ ಅಂಕಿ ಬೇರೆಯೇ ಆಗಿತ್ತು. ಐವತ್ತೆಂಟರಲ್ಲಿ ಮೂವತ್ತನಾಲ್ಕು 'ಹೌದು'. ಹೆಚ್ಚುಕಡಿಮೆ ಹತ್ತು ಗೂಡಿಗೆ ಆರು. ಎಲ್ಲ ಊರಿನ ಕೇರಿಗಳಲ್ಲೂ ಪ್ರತಿ ಚಳಿಗಾಲ ಮರಿಗಳು ಸಾಯುತ್ತಲೇ ಇದ್ದವು, ಯಾರ ಪುಸ್ತಕಕ್ಕೂ ಬಂದಿರಲಿಲ್ಲ. ಈ ಅಂಕಿಗಳನ್ನು ಎರಡು ಸಲ ಅವರ ಪುಸ್ತಕದ ಜೊತೆ ತಾಳೆ ನೋಡಿದ್ದೇನೆ. ಎಲ್ಲಾದರೂ ತಪ್ಪಿದ್ದರೆ ಅದು ನಾನು ಬರೆದುಕೊಂಡದ್ದರಲ್ಲಿನ ತಪ್ಪು, ಮುದ್ದಪ್ಪನವರದಲ್ಲ.

ಆ ಪುಸ್ತಕದಲ್ಲಿ ಐದು ಗೂಡುಗಳ ಮುಂದೆ ಕೆಂಪು ಪೆನ್ಸಿಲಿನ ಗುರುತಿದೆ. ಅದೇನೆಂದು ಕೇಳಿದಾಗ ಮುದ್ದಪ್ಪ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ ಎಲ್ಲ ಹೇಳಿದರು. ಅದನ್ನು ಬರೆಯಬೇಕೇ ಬೇಡವೇ ಎಂದು ನಾನು ಯೋಚಿಸಿದೆ. "ಬರೀರಿ, ಅದು ಬರೀದಿದ್ರೆ ಉಳಿದಿದ್ದು ಸುಳ್ಳಾಗ್ತೈತೆ," ಎಂದರು.

ಕಳೆದ ವರ್ಷ ಇದೇ ಪುಷ್ಯದಲ್ಲಿ ಕೆಂಚಿ ಚೊಚ್ಚಲು ಈದಿತ್ತು. ಐದನೆಯ ದಿನ ಮುದ್ದಪ್ಪ ಬಂದು ನೋಡಿದಾಗ ಮರಿಗಳು ಗುಂಡಗೆ, ಚುರುಕಾಗಿದ್ದವು. ಎಂಟನೆಯ ದಿನ ಬೆಳಗ್ಗೆ ಒಂದು ಮರಿ ಹಾಲು ಕಕ್ಕಿತು. ಮತ್ತೆ ನಾಲ್ಕು ದಿನದಲ್ಲಿ ಏಳೂ ಹೋದವು. ಕಿವಿಗುರುತಿಗೆಂದು ಸಾಣೆ ಹಿಡಿಸಿದ್ದ ಚೂರಿಯನ್ನು ದುರ್ಗಮ್ಮ ಹಾಗೇ ಸೂರಿಗೆ ಸಿಕ್ಕಿಸಿಟ್ಟರು. ಆ ಸಲ ಮಾತ್ರ ಸುಮ್ಮನಿರಲಿಲ್ಲ.

"ಮುದ್ದಪ್ಪ, ದೀಪಾವಳಿ ಆದ್ಮೇಲೆ ಹಳೇ ಹುಲ್ಲು ಸುಟ್ಟು ಗೂಡು ಹೊಸ್ದಾಗಿ ಕಟ್ಟಿದ್ದೆ. ನಮ್ ಗೂಡಿಗೆ ಬೇರೆ ಹಂದಿ ಬಂದಿಲ್ಲ. ಬೇರೆ ಮುಸುರೆ ತಂದಿಲ್ಲ. ನಾನು ಎಲ್ಲಿಗೂ ಹೋಗಿಲ್ಲ. ಹೊರಗಿಂದ ಬಂದೋನು ನೀನೊಬ್ನೇ ಕಣಪ್ಪ."

ಬೈದು ಹೇಳಿದ ಮಾತಲ್ಲ ಅದು. ಇದ್ದದ್ದನ್ನು ಹೇಳಿದ್ದು. ಮುದ್ದಪ್ಪ ರೈಲು ಗೇಟಿನ ಬಳಿಯ ಮೋರಿ ಕಟ್ಟೆಯ ಮೇಲೆ ಕೂತು ಪುಸ್ತಕ ಬಿಚ್ಚಿ ತಾರೀಖು ನೋಡಿದರು. ಕೆಂಚಿಯನ್ನು ನೋಡಲು ಬಂದ ದಿನ ಅವರು ಮೊದಲು ಹೋಗಿದ್ದು ಚೌಳಹಿರಿಯೂರಿನ ಕರಿಯಮ್ಮನ ಗೂಡಿಗೆ. ಅಲ್ಲಿ ಭೇದಿ ಇತ್ತು. ಅಲ್ಲಿಂದ ಸೀದಾ ಸೈಕಲ್ ತುಳಿದು ಇಲ್ಲಿಗೆ ಬಂದಿದ್ದರು, ಅದೇ ಕಾಲಲ್ಲಿ. ಪುಟ ತಿರುಗಿಸಿದರೆ ಇನ್ನೂ ನಾಲ್ಕು ಗೂಡುಗಳ ಕಥೆ ಹಾಗೆಯೇ. ರೋಗವಿದ್ದಲ್ಲಿಂದ ಎದ್ದು ರೋಗವಿಲ್ಲದಲ್ಲಿಗೆ ಹೋದದ್ದು, ಮೂರು ನಾಲ್ಕು ದಿನಕ್ಕೆ ಅಲ್ಲೂ ಹಳದಿ ನೀರು.

"ರೋಗ ಎಣಿಸೋಕೆ ಅಂತ ಹೋದೋನು ನಾನೇ ಹೊತ್ಕೊಂಡೋಗಿ ಹಾಕ್ಬುಟ್ಟಿದ್ದೆ," ಎನ್ನುತ್ತಾರೆ.

ಯಾರೂ ಕೇಳಿರಲಿಲ್ಲ. ದುರ್ಗಮ್ಮನ ಬಾಯಿಂದ ಆ ಮಾತು ಆಚೆ ಹೋಗುತ್ತಲೂ ಇರಲಿಲ್ಲ. ಆದರೂ ಅವತ್ತೇ ಐದೂ ಗೂಡುಗಳಿಗೆ ಕೆಂಪು ಗುರುತು ಹಾಕಿ, ಪುಸ್ತಕವನ್ನು ಡಾಕ್ಟರ ಮೇಜಿನ ಮೇಲಿಟ್ಟು ಹೇಳಿಬಿಟ್ಟರು: ಮೂವತ್ತನಾಲ್ಕರಲ್ಲಿ ಐದು ನಾನು ತಂದದ್ದು. ಕೆಲಸ ಹೋಗಬಹುದು ಎಂದುಕೊಂಡಿದ್ದರು. ಡಾಕ್ಟರ್ ಈರಭದ್ರಪ್ಪ ಆ ಐದು ತಾರೀಖುಗಳನ್ನು ಬೇರೆ ಹಾಳೆಗೆ ಬರೆದುಕೊಂಡರಂತೆ.

"ನನಗೆ ಆ ಇಡೀ ಪುಸ್ತಕದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಅಂಕಿ ಅದೇ ಐದು," ಎನ್ನುತ್ತಾರೆ ಡಾಕ್ಟರು. "ರೋಗ ಹೇಗೆ ನಡೆಯುತ್ತೆ ಅಂತ ಅದು ತೋರಿಸಿತು. ಕಾಲಲ್ಲಿ ನಡೆಯುತ್ತೆ. ಮುದ್ದಪ್ಪನ ಕಾಲು ಅಂತಲ್ಲ. ಮುಸುರೆ ತರೋರ ಕಾಲು, ಹಂದಿ ಕೊಳ್ಳೋಕೆ ಬರೋರ ಕಾಲು, ನನ್ನ ಕಾಲು. ಆತ ಹೇಳದೇ ಇದ್ದಿದ್ದರೆ ನಾನು ಇವತ್ತಿಗೂ ಮಾತ್ರೆ ಬದಲಾಯಿಸ್ತಾ ಕೂತಿರುತ್ತಿದ್ದೆ."

ಎಂಟು ದಿನ ಮುದ್ದಪ್ಪ ಯಾವ ಗೂಡಿಗೂ ಹೋಗಲಿಲ್ಲ. ಒಂಬತ್ತನೆಯ ದಿನ ದುರ್ಗಮ್ಮನ ಬೇಲಿಯ ಹೊರಗೆ ನಿಂತು, ಒಳಗೆ ಕಾಲಿಡದೆ, ತಪ್ಪಾಯಿತು ದುರ್ಗಕ್ಕ ಎಂದರು. ಇನ್ನು ಬರುವುದಿಲ್ಲ ಎಂದೂ ಹೇಳಿದರು. ದುರ್ಗಮ್ಮ ಬಾನಿ ತೊಳೆಯುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ.

"ಬರ್ದೆ ಇರೋದ್ಯಾಕೆ? ಕಾಲು ತೊಳ್ಕೊಂಡು ಬಾ."

ಮುದ್ದಪ್ಪನವರ ಈಗಿನ ಪದ್ಧತಿಯೆಲ್ಲ ಆ ಒಂದು ಮಾತಿನಿಂದ ಬೆಳೆದದ್ದು. ಪ್ರತಿ ಬೇಲಿಯ ಮುಂದೆ ಫಿನೈಲ್ ನೀರು, ಒಳಗೆ ಹೋಗುವಾಗ ಒಂದು ಸಲ, ಹೊರಗೆ ಬರುವಾಗ ಒಂದು ಸಲ. ಮೊದಲು ರೋಗವಿಲ್ಲದ ಗೂಡುಗಳು, ರೋಗವಿದ್ದದ್ದು ಕೊನೆಗೆ, ಅದಾದ ಮೇಲೆ ಸೀದಾ ಮನೆ. ಈಯುವ ಹಂದಿಯನ್ನು ಬೇರೆ ಇಡಿ, ಅದರ ಬಳಿ ಮನೆಯವರಲ್ಲಿ ಒಬ್ಬರೇ ಹೋಗಿ ಎಂದು ಎಲ್ಲರಿಗೂ ಹೇಳುತ್ತಾರೆ. ಈಗ ಕಲ್ಲಮ್ಮನ ಬಾಗಿಲಲ್ಲೂ ಒಂದು ಮಡಕೆ ಫಿನೈಲ್ ನೀರಿದೆ, ಪಂಚನಹಳ್ಳಿಯಲ್ಲೂ ಇದೆ. ಹಂದಿ ಕೊಳ್ಳಲು ಬಂದ ಯಾರೋ ಕಾಲು ತೊಳೆಯುವುದಿಲ್ಲ ಎಂದಾಗ ಅಂಜಿನಮ್ಮ, "ಮುದ್ದಪ್ಪನೇ ತೊಳೀತಾನೆ, ನೀನ್ಯಾವ ದೊರೆ?" ಎಂದು ಬೇಲಿಯಿಂದಲೇ ವಾಪಸು ಕಳಿಸಿದರಂತೆ.

ಈ ಚಳಿಗಾಲ ಇದುವರೆಗೆ ನೋಡಿದ ಐವತ್ತೇಳು ಗೂಡುಗಳಲ್ಲಿ ಹತ್ತೊಂಬತ್ತು 'ಹೌದು', ಮೂವತ್ತೆಂಟು 'ಇಲ್ಲ'. ಎಲ್ಲವೂ ಕಾಲು ತೊಳೆದದ್ದರಿಂದ ಎಂದು ಬರೆಯಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಒಮ್ಮೆ ರೋಗ ಕಂಡ ತಾಯಿಯ ಹಾಲಿನಲ್ಲಿ ಮರಿಗೆ ಏನೋ ಬಲ ಬರುವಂತೆ ಕಾಣುತ್ತದೆ, ಇನ್ನೂ ಒಂದೆರಡು ವರ್ಷ ನೋಡಬೇಕು ಎನ್ನುತ್ತಾರೆ. ಹಾಗೆಯೇ ಬರೆದಿದ್ದೇನೆ. ಆದರೆ ಆ ಮೂವತ್ತೆಂಟು ಗೂಡುಗಳ ಹೆಂಗಸರನ್ನು ಕೇಳಿದರೆ ಅವರು ಯಾರನ್ನು ನೆನೆಯುತ್ತಾರೆ ಎಂಬುದನ್ನೂ ಬರೆಯಬೇಕು. ಅಜ್ಜಂಪುರದ ಒಂದು ಮನೆಯಲ್ಲಿ ಮೊದಲು ಹಿಂಡಿದ ಎಮ್ಮೆಹಾಲಿನ ಗಿಣ್ಣು ಅವರಿಗೆ ಮೀಸಲು. ಕರಿಯಮ್ಮ ಸೈಕಲ್ಲಿನ ಹಿಂದೆ ಹೇಳದೆ ಕೇಳದೆ ತೆಂಗಿನಕಾಯಿ ಕಟ್ಟಿಬಿಡುತ್ತಾರೆ. ಮುದ್ದಪ್ಪನವರು ಬೇಡ ಎನ್ನುವಷ್ಟರಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ.

ಐವತ್ತೆಂಟನೆಯ ಗೂಡು ದುರ್ಗಮ್ಮನದು. ಬಿಸಿಲು ಈಗ ಗೂಡಿನ ಒಳಕ್ಕೆ ಇಳಿದಿದೆ. ದುರ್ಗಮ್ಮ ಸೂರಿನಿಂದ ಚೂರಿ ತೆಗೆಯುತ್ತಾರೆ. ಕಳೆದ ವರ್ಷ ಸಿಕ್ಕಿಸಿಟ್ಟದ್ದು. ಅದನ್ನು ಒಲೆಯ ಕೆಂಡದಲ್ಲಿ ಕಾಯಿಸಿ, ಒಂದೊಂದೇ ಮರಿಯನ್ನು ಮಡಿಲಿಗೆ ಎತ್ತಿಕೊಂಡು, ಎಡಗಿವಿಗೆ ಎರಡು ಕಚ್ಚು ಹಾಕಿ ಅರಿಸಿನ ಒತ್ತುತ್ತಾರೆ. ಮರಿ ಕೇರಿಯೇ ಏಳುವಂತೆ ಕಿರುಚುತ್ತದೆ. ಕೆಳಗೆ ಬಿಟ್ಟ ಕೂಡಲೇ ಎಲ್ಲ ಮರೆತು ತನ್ನ ಮೊಲೆ ಹುಡುಕಿಕೊಂಡು ಹೋಗುತ್ತದೆ. ಕೊನೆಯ ಮರಿಯನ್ನೂ ಬಿಟ್ಟ ಮೇಲೆ ದುರ್ಗಮ್ಮ ಕೈ ಒರೆಸಿಕೊಳ್ಳುತ್ತಾರೆ.

ಗುರುತು ಬಿದ್ದ ಮೇಲೆ ಮೊದಲು ಎಣಿಸುವುದು ಮನೆಯ ಹಿರಿಯರ ಹಕ್ಕು. ಅವರು ಎಣಿಸುವುದಿಲ್ಲ.

"ಈಗ ಎಣಿಸಪ್ಪ," ಎನ್ನುತ್ತಾರೆ.

"ನಾನಾ?"

"ಇನ್ಯಾರು, ನಿನ್ನ ಸೈಕಲ್ಲಾ? ಬಾಯ್ಬಿಟ್ಟು ಎಣಿಸು. ಕೆಂಚಿಗೂ ಕೇಳಿಸ್ಲಿ."

ಮುದ್ದಪ್ಪ ಮಂಡಿಯೂರಿ, ಪ್ರತಿ ಮರಿಯ ಬೆನ್ನು ಮುಟ್ಟಿ, ಬಾಯಿಬಿಟ್ಟು ಎಣಿಸುತ್ತಾರೆ. ಒಂಬತ್ತು. ಕೆಂಚಿಯ ಹನ್ನೆರಡು ಮೊಲೆಗಳಲ್ಲಿ ಒಂಬತ್ತಕ್ಕೆ ಬಾಯಿ ಬಿದ್ದಿದೆ, ಮೂರು ಮೊದಲಿನಿಂದಲೂ ಬಿಗಿಯಾಗಿ ಒಣಗಿವೆ. ಸೋತದ್ದು ಒಂದೂ ಇಲ್ಲ.

ಪುಸ್ತಕ ಬಿಚ್ಚಿ, ಪೆನ್ಸಿಲಿನ ತುದಿಯನ್ನು ನಾಲಗೆಗೆ ಒತ್ತಿ, ದುರ್ಗಮ್ಮನ ಹೆಸರಿನ ಮುಂದೆ 'ಇಲ್ಲ' ಎಂದು ಬರೆಯುತ್ತಾರೆ.

"ಮೊದಲ್ನೇ ವರ್ಷ ಐವತ್ತೈದು ಇಲ್ಲ ಬರೆದಿದ್ದೆ ಸ್ವಾಮಿ. ಬೇಗ ಬೇಗ ಬರೆದಿದ್ದೆ. ಅದ್ರಲ್ಲಿ ಯಾವ್ದು ನಿಜ ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ. ಇದು ಗೊತ್ತು," ಎನ್ನುತ್ತಾರೆ. ಆಸೆ ಏನು ಎಂದು ಕೇಳಿದೆ. ಬಡ್ತಿಯೋ, ಹೊಸ ಸೈಕಲ್ಲೋ ಹೇಳಬಹುದೆಂದು ಕಾದಿದ್ದೆ. "ಐವತ್ತೆಂಟೂ ಹಿಂಗೆ ನೋಡಿ ಬರೆಯೋ ಒಂದು ಚಳಿಗಾಲ ಬಂದ್ರೆ ಸಾಕು. ಒಂದೇ ಒಂದು."

ಎಂಟಕ್ಕೆ ಆಸ್ಪತ್ರೆಯ ಬಾಗಿಲು ತೆರೆಯಬೇಕು. ಮುದ್ದಪ್ಪ ಬೇಲಿ ದಾಟಿ, ಡಬ್ಬಿಯಲ್ಲಿ ಉಳಿದ ಫಿನೈಲ್ ನೀರನ್ನು ಮತ್ತೆ ಪಾದದ ಮೇಲೆ ಸುರಿದುಕೊಳ್ಳುತ್ತಾರೆ. ತೆಂಗಿನ ನಾರು ಹುಡುಕುತ್ತಾರೆ.

"ಈಗ್ಯಾಕೋ?" ಎಂದು ದುರ್ಗಮ್ಮ ಒಳಗಿನಿಂದ ಕೇಳುತ್ತಾರೆ. "ನಮ್ ಗೂಡಲ್ಲಿ ಏನೂ ಇಲ್ಲ ಅಂತ ಈಗ್ತಾನೆ ನೀನೇ ಬರೆದ್ಯಲ್ಲ?"

"ಬರೆದಿದೀನಿ ದುರ್ಗಕ್ಕ," ಎನ್ನುತ್ತಾರೆ ಮುದ್ದಪ್ಪ, ಬೆರಳ ಸಂದು ಉಜ್ಜುತ್ತ. "ಆದ್ರೂ ತೊಳ್ಕೊತೀನಿ."